ಅಜ್ಜಿಗೆ ಬಂದದ್ದು ಅಮ್ಮನಾ, ಫಿಟ್ಸಾ?

ಪ್ರಶ್ನೆ: ಡಾಕ್ಟ್ರೇ, ನಾನು ಗಂಗಾವತಿಯವಳು. ಒಂದು ವೈಜ್ಞಾನಿಕ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 1980ರ ದಶಕದಲ್ಲಿ, ಹುಲಿಗೆಮ್ಮ ದೇವಿಯ ಊರು ಹುಲಿಗಿಯಲ್ಲಿ. ಒಬ್ಬ ವಿಜ್ಞಾನಿ ಜನರ ತಲೆಗೆ ಹೆಲ್ಮೆಟ್ ಹಾಕಿ ದೇವಿಯ ದರ್ಶನ ಮಾಡಿಸುತ್ತಾನೆ. ಇದು ಆಗುವ ಮಾತಾ? ಕೊನೆಗೆ ನಾಯಕಿ, ಮೈಮೇಲೆ ಅಮ್ಮ ಬರುವ ಅಜ್ಜಿಗೆ ಹುಚ್ಚು ಎಂದು ಸಾಬೀತು ಮಾಡುತ್ತಾಳೆ. ಸರಿ ಇದೆಯಾ?

ಉತ್ತರ: ಹೆಲ್ಮೆಟ್ ಬರೀ ಕಲ್ಪನೆಯಲ್ಲ. ಕೆನಡಾದ ವಿಜ್ಞಾನಿ ಮೈಕೆಲ್ ಪರ್ಸಿಂಗರ್ ಅಂಥದ್ದೊಂದನ್ನು ಬಳಸಿದ್ದರು. ಕಣತಲೆಗೆ ಸಣ್ಣ ಕಾಂತಕ್ಷೇತ್ರ ಕೊಟ್ಟರೆ, ಪಕ್ಕದಲ್ಲಿ ಯಾರೋ ಇದ್ದಂತೆ ಅನಿಸುತ್ತದೆ ಎಂದರು. ಸ್ವೀಡನ್ನಿನವರು ಮತ್ತೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಕಾಂತಕ್ಷೇತ್ರ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಹೇಳಿದ್ದನ್ನು ಬೇಗ ನಂಬುವ ಮನಸ್ಸಿನವರಿಗೇ ಅನುಭವ ಜಾಸ್ತಿ. ನಿಮ್ಮ ಹೆಲ್ಮೆಟ್ಟಿನ ಕರೆಂಟ್ ತೆಗೆದರೂ ದೇವಿ ಕಾಣಲಿ, ಕಥೆ ಅಲ್ಲಿಂದಲೇ ಬಿಗಿಯಾಗುತ್ತದೆ.

ಆದರೆ ಅಜ್ಜಿಯನ್ನು ದಯವಿಟ್ಟು ಹುಚ್ಚಿ ಮಾಡಬೇಡಿ. ಕೊಪ್ಪಳ ಕಡೆಯ ಒಬ್ಬ ತಾಯಿಯನ್ನು ನಾನು ನೋಡಿದ್ದೇನೆ. ರೊಟ್ಟಿ ಬಡಿಯುತ್ತಾ ಕೂತವರಿಗೆ ಇದ್ದಕ್ಕಿದ್ದಂತೆ ಸುಟ್ಟ ವಾಸನೆ. ಹೊಟ್ಟೆಯಿಂದ ಏನೋ ಮೇಲೆ ಎದ್ದಂತೆ. ಆಮೇಲೆ ಕಣ್ಣು ಒಂದೇ ಕಡೆ ನಿಂತಿತು. ಬಾಯಿ ಎಲೆ ಅಡಿಕೆ ಅಗಿದಂತೆ ಆಡುತ್ತಿತ್ತು, ಕೈ ಸೆರಗಿನ ಅಂಚನ್ನು ಕೆದಕುತ್ತಿತ್ತು. ಒಂದೂವರೆ ನಿಮಿಷ. "ಯಾಕ್ ಎಲ್ಲಾರೂ ಹಿಂಗ್ ನಿಂತೀರಿ?" ಎಂದು ಕೇಳಿದರು. ಏನೂ ನೆನಪಿಲ್ಲ. ಮನೆಯವರು ಅಮ್ಮ ಬಂದಳು ಅಂದುಕೊಂಡಿದ್ದರು. ಅದು ಮಿದುಳಿನ ಟೆಂಪೊರಲ್ ಭಾಗದ ಮೂರ್ಛೆ, ಅಂದರೆ ಫಿಟ್ಸ್. ಇಂಥವರಲ್ಲಿ ಕೆಲವೇ ಕೆಲವರಿಗೆ ಆ ಕ್ಷಣ ತುಂಬಾ ಆನಂದ, ದೈವವೇ ಎದುರು ನಿಂತ ಅನುಭವ ಆಗುವುದೂ ಉಂಟು.

ಜಾತ್ರೆಯಲ್ಲಿ ಮೈತುಂಬುವುದು ಬೇರೆ. ಅಲ್ಲಿ ಚೌಡಿಕೆ ವಾದ್ಯ ಇದೆ, ಭಂಡಾರ ಇದೆ, ಕೇಳಿದ್ದಕ್ಕೆ ಉತ್ತರ ಬರುತ್ತದೆ. ಅದಷ್ಟೇ ಆದರೆ ರೋಗ ಅಲ್ಲ. ಫಿಟ್ಸ್ ಹೊತ್ತು ಗೊತ್ತು ನೋಡುವುದಿಲ್ಲ, ಪ್ರತಿ ಸಲ ಹೆಚ್ಚುಕಡಿಮೆ ಒಂದೇ ತರ ಬರುತ್ತದೆ. ಮನೋರೋಗ ಇನ್ನೂ ಬೇರೆ: ನಿದ್ದೆ ಕೆಡುತ್ತದೆ, ಬೈಯುವ ದನಿ ವಾರಗಟ್ಟಲೆ ಕೇಳುತ್ತದೆ, ಊಟದಲ್ಲಿ ವಿಷ ಇದೆ ಅನಿಸುತ್ತದೆ.

ನಾಯಕಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ, ಒಂದನ್ನೇ ನಂಬದಿರಲಿ. ಫಿಟ್ಸ್ ಇದ್ದವರದ್ದೂ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ. ಇನ್ನು ದೇವಿ ಇದ್ದಳಾ ಇಲ್ಲವಾ ಎಂಬುದನ್ನು ಯಾವ ಇಇಜಿಯೂ ಹೇಳುವುದಿಲ್ಲ. ನಾವು ವೈದ್ಯರು ಅದನ್ನು ಹೇಳಲು ಹೋಗಲೂಬಾರದು.

ಕಾಲ ಚೆನ್ನಾಗಿ ಆರಿಸಿದ್ದೀರಿ. ಆಗ ಹುಲಿಗಿ ರಾಯಚೂರು ಜಿಲ್ಲೆ, ತುಂಗಭದ್ರಾ ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆ. ಅದೇ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ, ಮೂರ್ಛೆ ಗುರುತಿಸಿ ಮಾತ್ರೆ ಕೊಡುವುದನ್ನು ಕಲಿಸಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಾಯಕಿ ಅಂಥ ಒಬ್ಬ ವೈದ್ಯೆ ಆಗಬಹುದಲ್ವಾ?

ಅಜ್ಜಿಯದ್ದು ಫಿಟ್ಸ್ ಎಂದು ಗೊತ್ತಾಗಿ ಮಾತ್ರೆ ಶುರುವಾದ ಮೇಲೂ ಅವರು ಹುಣ್ಣಿಮೆಗೆ ಹುಲಿಗಿಗೆ ಹೋಗಲಿ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು. ಏಕಾಏಕಿ ಬಿಟ್ಟರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು.