ಓದುಗರ ಪ್ರಶ್ನೆ: ಐದು ತಿಂಗಳ ತೈಲ ನಿರ್ಬಂಧ ಅಷ್ಟು ಆಳವಾಗಿ ತಟ್ಟಿದ್ದೇಕೆ?

ಪ್ರಶ್ನೆ: 1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡದೆ ಇದ್ದದ್ದು ಐದೇ ತಿಂಗಳು ಎಂದು ಓದಿದೆ. ಅಷ್ಟು ಅಲ್ಪಾವಧಿಯ ನಿರ್ಬಂಧದಿಂದ ಜಗತ್ತಿನ ಅರ್ಥವ್ಯವಸ್ಥೆ ವರ್ಷಗಟ್ಟಲೆ ನರಳಿದ್ದು ಹೇಗೆ?

ಉತ್ತರ: ನಿರ್ಬಂಧವನ್ನೂ ಬೆಲೆ ಏರಿಕೆಯನ್ನೂ ಒಂದೇ ಘಟನೆಯೆಂದು ಭಾವಿಸುವುದರಿಂದ ಈ ಸಂದೇಹ ಹುಟ್ಟುತ್ತದೆ. ಆ ವರ್ಷದ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ಯುದ್ಧ ಹೂಡಿದವು. ಹತ್ತು ದಿನಗಳ ಬಳಿಕ ಕೊಲ್ಲಿಯ ತೈಲ ದೇಶಗಳು ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಘೋಷಿತ ಬೆಲೆಯನ್ನು 5.11 ಡಾಲರಿಗೆ ಏರಿಸಿದವು. ನಿರ್ಬಂಧದಲ್ಲಿ ಸೇರದ ಇರಾನ್ ಕೂಡ ಈ ತೀರ್ಮಾನದಲ್ಲಿ ಪಾಲುಗೊಂಡಿತ್ತು. ಮರುದಿನ ಅರಬ್ ಉತ್ಪಾದಕರು ಉತ್ಪಾದನೆ ಕಡಿತಗೊಳಿಸಲು ನಿಶ್ಚಯಿಸಿದರು, ಆಮೇಲೆ ಇಸ್ರೇಲ್ ಪರ ನಿಂತ ಅಮೆರಿಕ ಮತ್ತು ನೆದರ್ಲೆಂಡ್ಸ್‌ಗೆ ಪೂರೈಕೆ ನಿಲ್ಲಿಸಿದರು. ಡಿಸೆಂಬರಿನ ಟೆಹರಾನ್ ಸಭೆಯಲ್ಲಿ ಬೆಲೆ 11.65 ಡಾಲರಿಗೆ ಮುಟ್ಟಿತು. 1974ರ ಮಾರ್ಚಿನಲ್ಲಿ ಅಮೆರಿಕದ ಮೇಲಿನ ನಿರ್ಬಂಧ ತೆರವಾಯಿತು, ಆದರೆ ಬೆಲೆ ಹಿಂದಿನ ಮಟ್ಟಕ್ಕೆ ಮರಳಲಿಲ್ಲ. ಗಾಯ ಮಾಡಿದ್ದು ಈ ಬೆಲೆ.

ಒಂದೇ ದೇಶಕ್ಕೆ ಗುರಿಯಿಟ್ಟ ನಿರ್ಬಂಧ ತೈಲದ ಮಟ್ಟಿಗೆ ಅಷ್ಟೇನೂ ಫಲಿಸುವುದಿಲ್ಲ. ಕಂಪನಿಗಳು ಅರಬ್ ತೈಲವನ್ನು ಬೇರೆಡೆಗೆ ಕಳುಹಿಸಿ, ಬೇರೆಡೆಯ ತೈಲವನ್ನು ನಿರ್ಬಂಧಿತ ದೇಶಗಳಿಗೆ ತಿರುಗಿಸಿದ್ದರಿಂದ ಕೊರತೆ ಎಲ್ಲರ ನಡುವೆ ಹಂಚಿಹೋಯಿತು. ಅಮೆರಿಕದ ಪೆಟ್ರೋಲ್ ಬಂಕ್‌ಗಳ ಮುಂದಿನ ಉದ್ದನೆಯ ಸಾಲುಗಳಿಗೆ, ನನ್ನ ಅಭಿಪ್ರಾಯದಲ್ಲಿ, ಅರಬ್ ದೊರೆಗಳಷ್ಟೇ 1971ರಿಂದ ನಿಕ್ಸನ್ ಸರ್ಕಾರ ಜಾರಿಯಲ್ಲಿಟ್ಟಿದ್ದ ಬೆಲೆ ನಿಯಂತ್ರಣವೂ ಕಾರಣ.

ಪ್ರಶ್ನೆ: ಬೆಲೆ ಏರಿದಾಗ ಹಣದುಬ್ಬರ ಸಹಜ. ಅದರ ಜೊತೆಗೇ ನಿರುದ್ಯೋಗವೂ ಹೆಚ್ಚಿದ್ದೇಕೆ?

ಉತ್ತರ: ತೈಲದ ಬೆಲೆ ಏರಿಕೆ, ವಸೂಲಾದ ಹಣ ಪರದೇಶಕ್ಕೆ ಹೋಗುವ ಒಂದು ತೆರಿಗೆಯಂತೆ ವರ್ತಿಸುತ್ತದೆ. ಇಂಧನದ ಬಳಕೆಯನ್ನು ಥಟ್ಟನೆ ಕಡಿಮೆ ಮಾಡಲಾಗದ ಜನ ಉಳಿದ ಸರಕುಗಳ ಖರೀದಿಯನ್ನು ಮೊಟಕುಗೊಳಿಸುತ್ತಾರೆ. ಅವನ್ನು ತಯಾರಿಸುವ ಕಾರ್ಖಾನೆಗಳಿಗೆ ಒಂದೆಡೆ ಖರ್ಚು ಹೆಚ್ಚಿ, ಇನ್ನೊಂದೆಡೆ ಬೇಡಿಕೆ ಕುಸಿಯುತ್ತದೆ. ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದರೆ ಕೆಲಸಗಳು ಹೋಗುತ್ತವೆ, ಇಳಿಸಿದರೆ ಬೆಲೆಗಳು ಇನ್ನಷ್ಟು ಏರುತ್ತವೆ. 1979ರಲ್ಲಿ ಇರಾನಿನ ಕ್ರಾಂತಿಯಿಂದ ಎರಡನೆಯ ಆಘಾತ ಬಂದಾಗ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮುಖ್ಯಸ್ಥ ಪಾಲ್ ವೋಲ್ಕರ್ ಮೊದಲ ದಾರಿ, ಅಂದರೆ ಬಡ್ಡಿ ಏರಿಕೆಯ ದಾರಿ, ಹಿಡಿದರು.

ಅದರ ಬಿಸಿ ತಟ್ಟಿದ್ದು ಅಮೆರಿಕಕ್ಕೆ ಮಾತ್ರವಲ್ಲ. ತೈಲ ದೇಶಗಳು ಗಳಿಸಿದ ಡಾಲರುಗಳು ಪಾಶ್ಚಾತ್ಯ ಬ್ಯಾಂಕುಗಳಲ್ಲಿ ಠೇವಣಿಯಾಗಿ, ಅಲ್ಲಿಂದ ಲ್ಯಾಟಿನ್ ಅಮೆರಿಕದ ಸರ್ಕಾರಗಳಿಗೆ ಬದಲಾಗುವ ಬಡ್ಡಿದರದ ಸಾಲವಾಗಿ ಹರಿದಿದ್ದವು. ಬಡ್ಡಿ ಶೇ. 20ರ ಸಮೀಪಕ್ಕೆ ಹೋದಾಗ ಆ ಸಾಲ ಕುಣಿಕೆಯಾಯಿತು. 1982ರ ಆಗಸ್ಟಿನಲ್ಲಿ, ತಾನೇ ತೈಲ ಮಾರುತ್ತಿದ್ದ ಮೆಕ್ಸಿಕೊ, ಕಂತು ಕಟ್ಟಲಾರೆನೆಂದು ಕೈಚೆಲ್ಲಿತು.

ಪ್ರಶ್ನೆ: ರಾಜಕೀಯವಾಗಿ ಗೆದ್ದವರು ಯಾರು?

ಉತ್ತರ: ಸೋತವರನ್ನು ಹೇಳುವುದು ಸುಲಭ. ಬ್ರಿಟನ್ನಿನಲ್ಲಿ ತೈಲದ ಅಭಾವದ ಜೊತೆಗೆ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟವೂ ಸೇರಿ, 1974ರ ಆರಂಭದಲ್ಲಿ ಉದ್ದಿಮೆಗಳು ವಾರಕ್ಕೆ ಮೂರೇ ದಿನ ವಿದ್ಯುತ್ ಬಳಸಬೇಕಾಯಿತು. ಫೆಬ್ರವರಿಯ ಚುನಾವಣೆಯ ನಂತರ ಪ್ರಧಾನಿ ಎಡ್ವರ್ಡ್ ಹೀತ್ ಅಧಿಕಾರ ಕಳೆದುಕೊಂಡರು. ಜಪಾನ್ ತನ್ನ ಮಧ್ಯಪ್ರಾಚ್ಯ ನೀತಿಯನ್ನು ಅರಬ್ ದೇಶಗಳ ಕಡೆಗೆ ವಾಲಿಸಿತು. ಫ್ರಾನ್ಸ್ ಪರಮಾಣು ವಿದ್ಯುತ್ತಿನ ಬೃಹತ್ ಯೋಜನೆಗೆ ಕೈಹಾಕಿತು.

ತೈಲ ದೇಶಗಳು ಗೆದ್ದವು ನಿಜ, ಆದರೆ ಗೆಲುವು ಬಹುಕಾಲ ಉಳಿಯಲಿಲ್ಲ. ಅವು ಏರಿಸಿದ ಬೆಲೆಯೇ ಅಲಾಸ್ಕ ಮತ್ತು ಉತ್ತರ ಸಮುದ್ರದ ದುಬಾರಿ ತೈಲವನ್ನು ಲಾಭದಾಯಕವಾಗಿಸಿತು. ಬೆಲೆ ಬೀಳದಂತೆ ತಡೆಯಲು ಸೌದಿ ಅರೇಬಿಯ ತನ್ನ ಉತ್ಪಾದನೆಯನ್ನು ವರ್ಷದಿಂದ ವರ್ಷಕ್ಕೆ ತಗ್ಗಿಸುತ್ತ ಹೋಗಿ, ಕೊನೆಗೆ ಬೇಸತ್ತು ಮತ್ತೆ ಹೆಚ್ಚಿಸಿದಾಗ, 1986ರಲ್ಲಿ ಬೆಲೆ ಕುಸಿದುಬಿದ್ದಿತು.