ಫುಟ್‌ಬಾಲ್‌ನಲ್ಲಿ 7 ವಿಶ್ವಕಪ್ ಆಡಿದವರು ಯಾರಾದರೂ ಇದ್ದಾರಾ?

ಇದ್ದಾರೆ, ಒಬ್ಬರೇ. ಬ್ರೆಜಿಲ್ ಮಹಿಳಾ ತಂಡದ ಮಿಡ್‌ಫೀಲ್ಡರ್ ಫೊರ್ಮಿಗಾ. ಗಂಡಸರಲ್ಲೂ ಈ ಲೆಕ್ಕ ಮುಟ್ಟಿದವರಿಲ್ಲ.

ಅವರು ಹುಟ್ಟಿದ್ದು 1978ರಲ್ಲಿ, ಸಾಲ್ವಡಾರ್ ಊರಿನಲ್ಲಿ. ಆಗ ಬ್ರೆಜಿಲ್‌ನಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದಕ್ಕೇ ನಿಷೇಧ ಇತ್ತು! 1941ರಲ್ಲಿ ಬಂದ ಆ ನಿಯಮ ಹೋಗಿದ್ದು 1979ರಲ್ಲಿ. ಅದಾಗಿ 16 ವರ್ಷಕ್ಕೆ, 17ರ ಹರೆಯದ ಈ ಹುಡುಗಿ 1995ರ ವಿಶ್ವಕಪ್‌ನಲ್ಲಿ ಆಡಿದರು. ಕೊನೆಯ ವಿಶ್ವಕಪ್ 2019ರದ್ದು, ಆಗ ವಯಸ್ಸು 41.

ಒಲಿಂಪಿಕ್ಸ್ ಕೂಡ 7. ಮಹಿಳಾ ಫುಟ್‌ಬಾಲ್ ಅಲ್ಲಿಗೆ ಬಂದಿದ್ದೇ 1996ರಲ್ಲಿ. ಅಂದಿನಿಂದ ಟೋಕಿಯೊವರೆಗೆ ಒಂದನ್ನೂ ಬಿಟ್ಟಿಲ್ಲ. 2004 ಮತ್ತು 2008ರಲ್ಲಿ ಬೆಳ್ಳಿ ಸಿಕ್ಕಿತು. ಚಿನ್ನ ಮಾತ್ರ ಸಿಗಲಿಲ್ಲ. 2007ರ ವಿಶ್ವಕಪ್ ಫೈನಲ್‌ನಲ್ಲೂ ಜರ್ಮನಿ ಎದುರು ಸೋಲು.

ಗೋಲು ಹೊಡೆದು ಸುದ್ದಿಯಾಗುವ ಆಟ ಅವರದ್ದಲ್ಲ. ಎದುರಾಳಿಯಿಂದ ಚೆಂಡು ಕಸಿದು ಮುಂದಿನವರಿಗೆ ದಾಟಿಸುವುದೇ ಮುಖ್ಯ ಕೆಲಸ. ಇದೇ ತಂಡದಲ್ಲಿ ಗೋಲು ಹೊಡೆಯುವ ಮಾರ್ತಾ ಹೆಸರು ಎಲ್ಲರಿಗೂ ಗೊತ್ತು, ಇವರದ್ದು ಅಷ್ಟಿಲ್ಲ. ಅದಕ್ಕೆ ಈ ಆಟದ ರೀತಿಯೂ ಒಂದು ಕಾರಣ ಅಂತ ನನಗನಿಸುತ್ತದೆ.

2016ರಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದರು. 2018ರಲ್ಲಿ ಮತ್ತೆ ಬಂದರು. ಈ ನಡುವೆ 2017ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಕ್ಲಬ್ ಸೇರಿದ್ದರು. 38ನೇ ವಯಸ್ಸಲ್ಲಿ ಯುರೋಪಿನ ದೊಡ್ಡ ಕ್ಲಬ್ ಕರೆಯುವುದು ಸುಮ್ನೆ ಮಾತಲ್ಲ ಅಲ್ವಾ? ಅಲ್ಲಿ 2021ರವರೆಗೂ ಆಡಿದರು.

ದೇಶಕ್ಕಾಗಿ ಕೊನೆಯ ಪಂದ್ಯ ಯಾರ ಎದುರು ಗೊತ್ತಾ? ಭಾರತದ ಎದುರು! 2021ರ ನವೆಂಬರ್, ಬ್ರೆಜಿಲ್‌ನ ಮನೌಸ್ ಊರು. ಬ್ರೆಜಿಲ್ 6–1ರಿಂದ ಗೆದ್ದಿತು. ನಮ್ಮ ಆ ಒಂದು ಗೋಲು ಮನೀಷಾ ಕಲ್ಯಾಣ್ ಅವರದ್ದು.