ಹುಡುಗ ಹೊಡೆದ ಅನ್ನುತ್ತಾಳೆ, ಯಾರಿಗೂ ಹೇಳಬೇಡಿ ಅನ್ನುತ್ತಾಳೆ. ನಾನೇನು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ಹದಿಹರೆಯದವರ ಜೊತೆ ಕೆಲಸ ಮಾಡಲು ಈಗಷ್ಟೇ ಸೇರಿದ್ದೀರಿ. ಹದಿನಾರರ ಹುಡುಗಿಯೊಬ್ಬಳು ಬಂದು, ತನ್ನ ಹುಡುಗ ದಿನಾ ಮೊಬೈಲ್ ಕಿತ್ತುಕೊಂಡು ನೋಡುತ್ತಾನೆ, ಒಂದು ಸಲ ಹೊಡೆದ ಅಂದಿದ್ದಾಳೆ. ಯಾರಿಗೂ ಹೇಳಬೇಡಿ ಅಂತಲೂ ಕೇಳಿಕೊಂಡಿದ್ದಾಳೆ. "ಅವನನ್ನು ಬಿಟ್ಟುಬಿಡು ಅಂತ ಹೇಳಲಾ?" ಅನ್ನುವುದು ನಿಮ್ಮ ಪ್ರಶ್ನೆ.

ಬೇಡ. ಮೊದಲ ಮಾತೇ ಅದಾಗುವುದು ಬೇಡ.

ನಾನು ಎಂಟು ವರ್ಷದಿಂದ ಇಂಥ ಮಕ್ಕಳ ಸಹಾಯವಾಣಿಯಲ್ಲಿ ಕೂರುತ್ತೇನೆ. ಶುರುವಿನಲ್ಲಿ ಒಬ್ಬಳಿಗೆ ಹಾಗೇ ಹೇಳಿಬಿಟ್ಟೆ. ಅವಳ ಹುಡುಗ ರಾತ್ರಿಯಿಡೀ ವಿಡಿಯೋ ಕಾಲ್ ಆನ್ ಇಡಿಸುತ್ತಿದ್ದ. ಅವಳು ನಿಜವಾಗಿ ಮಲಗಿದ್ದಾಳಾ, ಬೇರೆ ಯಾರ ಜೊತೆಗಾದರೂ ಮಾತಾಡುತ್ತಿದ್ದಾಳಾ ಅಂತ ನೋಡಲು. ಚಾರ್ಜರ್ ವೈರ್ ಗಿಡ್ಡ. ಅದಕ್ಕೇ ಅವಳು ಕಾಲಿಡುವ ಕಡೆ ತಲೆ ಹಾಕಿ, ಸ್ವಿಚ್ ಬೋರ್ಡಿನ ಪಕ್ಕ ಮಲಗುತ್ತಿದ್ದಳಂತೆ. "ಅವನಿಗೆ ನನ್ನ ಮೇಲೆ ಅಷ್ಟು ಪ್ರೀತಿ" ಅಂದಳು. ನಾನು ತಡೆಯಲಾರದೆ "ಇದು ಪ್ರೀತಿ ಅಲ್ಲ, ಮೊದಲು ಅವನನ್ನು ಬಿಡು" ಅಂದೆ. "ಸರಿ ಅಕ್ಕ" ಅಂದಳು. ಮತ್ತೆ ಫೋನ್ ಮಾಡಲೇ ಇಲ್ಲ. ಏನು ಮಾಡಬೇಕು ಅಂತ ಅಪ್ಪಣೆ ಕೊಡುವವನು ಅವಳಿಗೆ ಆಗಲೇ ಒಬ್ಬನಿದ್ದ. ನಾನು ಎರಡನೆಯವಳಾದೆ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಈಗ ನಾನು ಶುರು ಮಾಡುವುದು ಮೂರು ಮಾತಿನಿಂದ. ನಿನ್ನ ಮಾತು ನಂಬುತ್ತೇನೆ. ಇದು ನಿನ್ನ ತಪ್ಪಲ್ಲ. ಹೇಳಿದ್ದು ಒಳ್ಳೆಯದಾಯ್ತು. ಆಮೇಲೆ ಸುಮ್ಮನಿರುತ್ತೇನೆ. ಆ ಮೌನ ಕಷ್ಟ, ಆದರೆ ಅಸಲಿ ವಿಷಯ ಬಹಳ ಸಲ ಹೊರಬರುವುದು ಆಗಲೇ. "ನನಗೊಬ್ಬಳಿಗೇ ಹೀಗಾಗ್ತಿದೆ" ಅಂತ ಅತ್ತರೆ ಒಂದು ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದ ಪ್ರಕಾರ, ಸಂಬಂಧದಲ್ಲಿದ್ದ 15ರಿಂದ 19 ವರ್ಷದ ಹುಡುಗಿಯರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬಳು, 20 ತುಂಬುವ ಮೊದಲೇ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುತ್ತಾಳೆ. ಜಗತ್ತಿನಾದ್ಯಂತ ಸುಮಾರು 1.9 ಕೋಟಿ ಹುಡುಗಿಯರು. ಇದನ್ನು ಕೇಳಿ ಯಾರ ನೋವೂ ಕಮ್ಮಿಯಾಗುವುದಿಲ್ಲ, ನಾಚಿಕೆ ಮಾತ್ರ ಸ್ವಲ್ಪ ಕಮ್ಮಿಯಾಗುತ್ತದೆ. ಹುಡುಗರೂ ಪೆಟ್ಟು ತಿನ್ನುತ್ತಾರೆ, ಅವರು ಹೇಳಿಕೊಳ್ಳಲು ಇನ್ನೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾರೆ. ಅವರಿಗೂ ಇದೇ ಮಾತು.

ಯಾರಿಗೂ ಹೇಳುವುದಿಲ್ಲ ಅಂತ ಮಾತ್ರ ಮಾತು ಕೊಡಬೇಡಿ. ಅನೇಕ ದೇಶಗಳಲ್ಲಿ, 18 ತುಂಬದವರ ಮೇಲೆ ದೌರ್ಜನ್ಯ ಆಗಿದ್ದು ಗೊತ್ತಾದರೆ ತಿಳಿಸಲೇಬೇಕು ಅಂತ ಕಾನೂನಿದೆ. ನೀವಿರುವ ಕಡೆ ಏನು ನಿಯಮ ಅಂತ ಇವತ್ತೇ ನಿಮ್ಮ ಹಿರಿಯರನ್ನು ಕೇಳಿ. ಅವಳಿಗೂ ನೇರವಾಗಿ ಹೇಳಿ: "ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಅಥವಾ ಕಾನೂನು ಕೇಳಿದರೆ ನಾನು ಹೇಳಬೇಕಾಗುತ್ತದೆ. ಆದರೆ ನಿನಗೆ ತಿಳಿಸದೆ ಯಾರ ಹತ್ತಿರವೂ ಹೋಗುವುದಿಲ್ಲ." ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಮೋಸ ಅನ್ನಿಸುವುದಿಲ್ಲ.

ಒಂದು ಪ್ರಶ್ನೆಯನ್ನು ಬಿಡಲೇಬೇಡಿ. "ಅವನು ಯಾವತ್ತಾದರೂ ನಿನ್ನ ಕುತ್ತಿಗೆ ಹಿಸುಕಿದ್ದಾನಾ?" ಬಾಯಿ ಬಿಟ್ಟು ಹೀಗೇ ಕೇಳಿ, ಸುತ್ತಿ ಬಳಸಿ ಬೇಡ. "ಹೊಡೆದಿದ್ದಾನಾ" ಅಂದರೆ ಎಷ್ಟೋ ಮಕ್ಕಳು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 2008ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ, ಸಂಗಾತಿ ಹಿಂದೆ ಕುತ್ತಿಗೆ ಹಿಸುಕಿದ್ದ ಮಹಿಳೆಯರು ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಜಾಸ್ತಿ ಕಂಡಿತು. ಹೊರಗೆ ಗುರುತೇ ಇಲ್ಲದಿರಬಹುದು. ದನಿ ಒಡೆದಿದೆಯಾ, ನುಂಗಲು ಕಷ್ಟವಾಗುತ್ತಿದೆಯಾ, ಕಣ್ಣಲ್ಲಿ ಸಣ್ಣ ಕೆಂಪು ಚುಕ್ಕೆಗಳಿವೆಯಾ, ಆ ಹೊತ್ತಿನ ನೆನಪು ಹೋಗಿದೆಯಾ ಅಂತ ಕೇಳಿ. ಹಿಸುಕಿದ್ದಾನೆ ಅಂದರೆ, ಏನೂ ಕಾಣದಿದ್ದರೂ ಡಾಕ್ಟರ ಹತ್ತಿರ ಹೋಗಲೇಬೇಕು. ಇಲ್ಲಿ ಕಾಯುವ ಮಾತಿಲ್ಲ.

"ಬಿಟ್ಟುಬಿಡು" ಅಂತ ಸುಮ್ನೆ ಹೇಳಬಾರದು ಅನ್ನಲು ಇನ್ನೊಂದು ಕಾರಣವೂ ಇದೆ. ಬ್ರೇಕಪ್ಪಿನ ಆಸುಪಾಸಿನ ದಿನಗಳಲ್ಲೇ ಅಪಾಯ ಜಾಸ್ತಿ. ಅದಕ್ಕೇ ಮೊದಲು ಅವಳ ಜೊತೆ ಕೂತು ಯೋಚನೆ ಮಾಡಬೇಕು. ವಿಷಯ ಯಾವ ದೊಡ್ಡವರಿಗೆ ಹೇಳಬಹುದು? ಮೆಸೇಜಿನಲ್ಲಿ ಯಾವ ಪದ ಹಾಕಿದರೆ ಗೆಳತಿಗೆ "ಈಗಲೇ ಬಾ" ಅಂತ ಅರ್ಥವಾಗಬೇಕು? ದಾರಿಯಲ್ಲಿ ಯಾರು ಜೊತೆಗಿರುತ್ತಾರೆ? ಬೆದರಿಕೆಯ ಸ್ಕ್ರೀನ್‌ಶಾಟ್ ಅವಳ ಮೊಬೈಲಿನಲ್ಲಿ ಬೇಡ, ನಂಬಿಕೆಯವರ ಹತ್ತಿರ ಇರಲಿ. ಪಾಸ್‌ವರ್ಡ್ ಬದಲಿಸುವುದು, ಲೊಕೇಶನ್ ಆಫ್ ಮಾಡುವುದು ಅವನಿಗೆ ತಕ್ಷಣ ಗೊತ್ತಾಗುತ್ತದೆ, ಆದ್ದರಿಂದ ಯಾವಾಗ ಅನ್ನುವುದನ್ನೂ ಅವಳೇ ಗೊತ್ತುಮಾಡಲಿ. ಬೆತ್ತಲೆ ಫೋಟೋ ಹಾಕುತ್ತೇನೆ ಅಂತ ಹೆದರಿಸುತ್ತಿದ್ದರೆ, 18ರೊಳಗೆ ತೆಗೆದ ಫೋಟೋಗಳಿಗೆ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಫೋಟೋ ಅವಳ ಮೊಬೈಲ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅದರ ಒಂದು ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಇದರಲ್ಲಿ ಸೇರಿರುವ ಕಂಪನಿಗಳು ಆ ಗುರುತಿನ ಮೇಲೆ ಫೋಟೋ ಹುಡುಕಿ ತೆಗೆಯಬಹುದು. ಎಷ್ಟೋ ಮಕ್ಕಳು ಆ ಹುಡುಗರ ಜೊತೆ ಉಳಿಯುವುದು ಇಂಥ ಒಂದೇ ಫೋಟೋದ ಭಯಕ್ಕೆ.

ಇದು ಶುರುವಾಗದಂತೆ ಮಾಡುವುದು ಹೇಗೆ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ವರ್ಷಕ್ಕೊಂದು ಭಾಷಣದ ಮೇಲೆ ನನಗೆ ನಂಬಿಕೆ ಇಲ್ಲ. ನನ್ನ ಕಣ್ಣು ತೆರೆಸಿದ್ದು ನ್ಯೂಯಾರ್ಕ್‌ನ ಶಾಲೆಗಳಲ್ಲಿ ಆರು, ಏಳನೇ ತರಗತಿ ಮಕ್ಕಳ ಜೊತೆ ನಡೆದ 'ಶಿಫ್ಟಿಂಗ್ ಬೌಂಡರೀಸ್' ಅನ್ನುವ ಕೆಲಸ. ಮಕ್ಕಳ ಕೈಗೆ ಶಾಲೆಯದೇ ನಕ್ಷೆ ಕೊಟ್ಟರು. ಎಲ್ಲಿ ಭಯ, ಎಲ್ಲಿ ನಿರಾಳ ಅಂತ ಬಣ್ಣ ಹಚ್ಚಿಸಿದರು. ಮಕ್ಕಳು ತೋರಿಸಿದ ಆ ಭಯದ ಜಾಗಗಳಲ್ಲಿ ದೊಡ್ಡವರು ನಿಲ್ಲತೊಡಗಿದರು. ಬರೀ ಪಾಠ ನಡೆದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಹೀಗೆ ಶಾಲೆಯ ವಾತಾವರಣವನ್ನೇ ಬದಲಿಸಿದ ಕಡೆ ಲೈಂಗಿಕ ಕಿರುಕುಳ ಕಮ್ಮಿಯಾಯಿತು. ಎಷ್ಟು ಸರಳ ಅಲ್ವಾ? ಮಕ್ಕಳಿಗೆ ಎಲ್ಲಾ ಗೊತ್ತಿರುತ್ತದೆ, ಅವರನ್ನು ಕೇಳಬೇಕಷ್ಟೆ.

ಹುಡುಗರ ಜೊತೆಗೂ ಕೂರಬೇಕು. 'ಕೋಚಿಂಗ್ ಬಾಯ್ಸ್ ಇನ್‌ಟು ಮೆನ್' ಕಾರ್ಯಕ್ರಮದಲ್ಲಿ ಆಟದ ಕೋಚ್‌ಗಳೇ ವಾರಕ್ಕೊಮ್ಮೆ ಹದಿನೈದು ನಿಮಿಷ ಹುಡುಗರ ಜೊತೆ ಗೌರವದ ಬಗ್ಗೆ ಮಾತಾಡುತ್ತಾರೆ. ಹುಡುಗರು ನನ್ನ ಮಾತಿಗಿಂತ ಕೋಚ್ ಮಾತು ಕೇಳುತ್ತಾರೆ, ಅದು ಸತ್ಯ.

ಸದ್ಯಕ್ಕೆ ನಿಮ್ಮ ಹುಡುಗಿಯ ವಿಷಯ. ಮುಂದೆ ಯಾವಾಗ ಸಿಗುವುದು ಅಂತ ದಿನ, ಹೊತ್ತು ಗೊತ್ತುಮಾಡಿಯೇ ಅವಳನ್ನು ಕಳಿಸಿ. ಅವನ ಹತ್ತಿರ ವಾಪಸ್ ಹೋದರೂ ಆ ದಿನ ನೀವು ಅಲ್ಲಿರುತ್ತೀರಿ ಅಂತ ಹೇಳಿ, ಹಾಗೇ ಇರಿ. ನಕ್ಷೆಯ ಕೆಲಸ ನಿಮ್ಮಲ್ಲಿ ಮಾಡುವ ಮನಸ್ಸಿದ್ದರೆ ಕೆಳಗೆ ಬರೆಯಿರಿ, ನಾವು ಮಕ್ಕಳಿಗೆ ಕೇಳುವ ಪ್ರಶ್ನೆಗಳನ್ನು ಹಾಕುತ್ತೇನೆ.